ಆರ್ಡರ್ ಬಂದ್

2020ರ ಜೂನ್ ತಿಂಗಳು. ಲಾಕ್‌ಡೌನ್ ಆದದ್ದರಿಂದ ಮಗಳು ಬೆಂಗಳೂರಿನ ಪಿ.ಜಿ. ಖಾಲಿ ಮಾಡಿ ತುಮಕೂರಿನ ಮನೆಗೆ ಬಂದು ಮೂರು ತಿಂಗಳಾಗುತ್ತಿತ್ತು. ಸಾಫ್ಟ್‌ವೇರ್ ಕಂಪೆನಿಯೊಂದಕ್ಕೆ ಸೇರಿ ಅವಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಊಟದ ಮೇಜೇ ಅವಳ ಆಫೀಸು. ಒಂದು ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಾ, "ಬೇಟಾ, ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಒಂದು ನಿಮಿಷ ಎದ್ದು ಆರಿಸಿಬಿಡು" ಎಂದು ಕೂಗಿದೆ. ಅವಳು ಎದ್ದು ಒಲೆ ಆರಿಸಿ ಮತ್ತೆ ಹೋಗಿ ಕೂತಳು. ನಾನು ಕೈ ಒರೆಸಿಕೊಂಡು ಒಳಗೆ ಬಂದಾಗ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಅದು ಒಂದು ನಿಮಿಷ ಅಲ್ಲ ಅಮ್ಮಿ. ಬೆಳಗಿನಿಂದ ತಲೆಯಲ್ಲಿ ಹಿಡಿದಿಟ್ಟುಕೊಂಡದ್ದೆಲ್ಲ ಹೋಯಿತು" ಎಂದಳು.

ನನಗೆ ಸಿಟ್ಟು ಬಂತು. "ಕೂತಲ್ಲೇ ಗುಂಡಿ ಒತ್ತುವ ಕೆಲಸಕ್ಕೆ ಇಷ್ಟೊಂದು ಜಂಬವೇ?" ಎಂದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ಎಲ್ಲೋ ಕೇಳಿದ ಹಾಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಕಥೆ ಬರೆಯಲು ಕೂತಾಗ ಅತ್ತೆಮನೆಯಲ್ಲಿ ಕೇಳಿದ ಮಾತೇ ಅದು. "ಕೂತಲ್ಲೇ ಗೀಚುವ ಕೆಲಸಕ್ಕೆ ಬಾಗಿಲು ಬೇರೆ ಹಾಕಿಕೊಳ್ಳಬೇಕೇ?" ಹೆಣ್ಣಿಗೆ ದಿನಕ್ಕೆ ಒಂದು ಗಂಟೆಯೂ ಇಡಿಯಾಗಿ ಸಿಗುವುದಿಲ್ಲ, ಕುಕ್ಕರಿನ ಎರಡು ಸೀಟಿಗಳ ನಡುವೆ ನಾವು ಬರೆಯಬೇಕು ಎಂದು ಎಷ್ಟು ಸಭೆಗಳಲ್ಲಿ ಮಾತಾಡಿದ್ದೇನೋ! ಈಗ ನನ್ನ ಮನೆಯಲ್ಲೇ ಒಂದು ಹೆಣ್ಣು ಒಂದು ಗಂಟೆ ಕೇಳಿದಾಗ ನಾನು ಮಾಡಿದ್ದೇನು?

ಮರುದಿನ ಸಂಜೆ ಚಹಾ ಕೊಟ್ಟು, "ನೀನು ಮಾಡುವ ಕೆಲಸ ಎಂಥದ್ದು, ನನಗೆ ಅರ್ಥವಾಗುವ ಹಾಗೆ ಹೇಳು" ಎಂದೆ. ಅಂದಿನಿಂದ ಅವಳು ಹೇಳಿದ್ದನ್ನು, ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಬಲ್ಲವಳಲ್ಲ, ದರ್ಜಿಯ ಮಗಳು. ಹಾಗಾಗಿ ನನಗೆ ಎಲ್ಲವೂ ದರ್ಜಿಯ ಅಂಗಡಿಯ ಮೂಲಕವೇ ಅರ್ಥವಾಗುವುದು.

ಕೋಡ್ ಬರೆಯುವುದೆಂದರೆ ಬೆರಳುಗಳ ಕೆಲಸ ಎಂದುಕೊಂಡಿದ್ದೆ. ಹಾಗಲ್ಲವಂತೆ. ದಿನದ ಹೆಚ್ಚಿನ ಹೊತ್ತು ಅವಳು ಬರೆಯುವುದೇ ಇಲ್ಲ, ಓದುತ್ತಾಳೆ. ಬೇರೆಯವರು ಎಂದೋ ಬರೆದಿಟ್ಟದ್ದನ್ನು ಓದಿ, ಈ ಲೆಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ನಡುವೆ ಎಲ್ಲಿ ಕೆಟ್ಟಿತು ಎಂದು ಒಂದೊಂದೇ ಎಳೆ ಹಿಡಿದು ಹೋಗುತ್ತಾಳೆ. ಏಳೆಂಟು ಎಳೆಗಳು ಒಟ್ಟಿಗೆ ತಲೆಯಲ್ಲಿ ನಿಂತಾಗ ಮಾತ್ರ ತಪ್ಪು ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ಯಾರಾದರೂ ಕರೆದರೆ ಎಲ್ಲವೂ ಕೈತಪ್ಪುತ್ತದೆ. ಕಥೆ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ 2009ರಲ್ಲಿ ಬರೆದ ಲೇಖನವೊಂದರ ಸಾರವನ್ನು ಅವಳು ಹೇಳಿದಳು. ಮ್ಯಾನೇಜರನ ದಿನ ಒಂದೊಂದು ಗಂಟೆಯ ತುಂಡುಗಳಾಗಿರುತ್ತದೆ. ಒಂದು ಮೀಟಿಂಗ್ ಸೇರಿಸಿದರೆ ಒಂದು ತುಂಡು ತುಂಬುತ್ತದೆ, ಅಷ್ಟೆ. ಆದರೆ ಏನನ್ನಾದರೂ ಕಟ್ಟುವವನಿಗೆ ಅರ್ಧ ದಿನವಾದರೂ ಇಡಿಯಾಗಿ ಬೇಕು. ಅವನ ಮಧ್ಯಾಹ್ನದ ನಡುವೆ ಒಂದು ಮೀಟಿಂಗ್ ಇಟ್ಟರೆ ಉಳಿದ ಎರಡು ತುಂಡುಗಳೂ ಯಾವ ಕೆಲಸಕ್ಕೂ ಸಾಲದಷ್ಟು ಸಣ್ಣವಾಗುತ್ತವೆ.

ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಕುರ್ಚಿಯ ಬೆನ್ನಿಗೆ ಕೆಂಪು ದುಪಟ್ಟಾ ಹಾಕಿದ್ದರೆ, ಮನೆಗೆ ಬೆಂಕಿ ಬಿದ್ದರೆ ಮಾತ್ರ ಅವಳನ್ನು ಕರೆಯಬೇಕು. ದುಪಟ್ಟಾ ತೆಗೆದಾಗ ಹಾಲು, ಹಿಟ್ಟು, ಅಂಗಡಿ, ಬಾಗಿಲಿಗೆ ಬಂದವರು, ಏನು ಬೇಕಾದರೂ ಹೇಳಬಹುದು. ಮೊದಲ ವಾರ ನನಗೇ ಕಷ್ಟವಾಯಿತು. ದಿನಕ್ಕೆ ಎಷ್ಟು ಸಲ ಸುಮ್ಮಸುಮ್ಮನೆ ಅವಳ ಹೆಸರು ಕೂಗುತ್ತಿದ್ದೆ ಎಂಬುದು ಆಗ ಗೊತ್ತಾಯಿತು.

ಇನ್ನೊಂದು ಉಪಾಯ ಗಡಿಯಾರದ್ದು. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ, ಓದಿನಲ್ಲಿ ಮನಸ್ಸು ನಿಲ್ಲದೆ, ಅಡುಗೆಮನೆಯಲ್ಲಿ ಬಳಸುವ ಟೊಮೆಟೊ ಆಕಾರದ ಗಡಿಯಾರವನ್ನು ತಿರುಗಿಸಿಟ್ಟುಕೊಂಡು ಕೂತನಂತೆ. ಅದರಿಂದ ಬೆಳೆದ ಪದ್ಧತಿ ಈಗ ಪ್ರೋಗ್ರಾಮರುಗಳಲ್ಲಿ ಪ್ರಸಿದ್ಧ. 25 ನಿಮಿಷ ಕೆಲಸ, 5 ನಿಮಿಷ ವಿರಾಮ. ನನಗೆ ಇದು ಚೆನ್ನಾಗಿ ಹೊಂದಿತು. ಮಗಳು ಮಾತ್ರ ಬೇಸರದ ಕೆಲಸಗಳಿಗಷ್ಟೇ ಅದನ್ನು ಇಟ್ಟುಕೊಂಡಿದ್ದಾಳೆ. "ಮನಸ್ಸು ತಾನಾಗಿ ಇಳಿದಾಗ ಆ ಗಂಟೆಯೂ ನಿಮ್ಮ ಹಾಲಿನ ಹಾಗೆಯೇ" ಎಂದು ನಗುತ್ತಾಳೆ.

ಅಬ್ಬಾನ ಅಂಗಡಿಯ ಬಗ್ಗೆ ಹೇಳಬೇಕು. ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಓದಿದವಳು. ಎರಡೂ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದೆ. ಅಬ್ಬಾನ ಸಾಮಾನು ಬಹಳ ಇರಲಿಲ್ಲ. ಒಂದು ಮಶೀನು, ಒಂದು ಕತ್ತರಿ, ಟೇಪು, ಸೀಮೆಸುಣ್ಣ, ಇಸ್ತ್ರಿಪೆಟ್ಟಿಗೆ. ಕತ್ತರಿಯಿಂದ ಯಾರಾದರೂ ಕಾಗದ ಕತ್ತರಿಸಿದರೆ ಅಂದು ಬೈಗುಳ ಖಂಡಿತ. ಅಂಗಡಿ ಮುಚ್ಚುವಾಗ ಮಶೀನಿಗೆ ಎಣ್ಣೆ ಬಿಟ್ಟು, ಬಾಬಿನ್ನಿಗೆ ದಾರ ಸುತ್ತಿ, ಮರುದಿನ ಮೊದಲು ಹೊಲಿಯಬೇಕಾದ ಬಟ್ಟೆಯನ್ನು ಮೇಲಿಟ್ಟೇ ಏಳುತ್ತಿದ್ದರು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಅವರ ಅಳತೆ ಪುಸ್ತಕ. ಪ್ರತಿ ಪುಟದಲ್ಲಿ ಅಳತೆ, ತಾರೀಕು, ಗುಂಡುಪಿನ್ನಿನಿಂದ ಚುಚ್ಚಿದ ಬಟ್ಟೆಯ ಚೂರು. ಕೆಳಗೆ ಉರ್ದುವಿನಲ್ಲಿ ಒಂದು ಸಾಲು: "ಎಡ ಭುಜ ಇಳಿದಿದೆ." "ಹುಡುಗ ಬೆಳೆಯುತ್ತಾನೆ, ಒಳಗೆ ಬಟ್ಟೆ ಬಿಟ್ಟಿದ್ದೇನೆ." ಐದು ವರ್ಷ ಬಿಟ್ಟು ಗಿರಾಕಿ ಬಂದು "ಸಾಬ್ರೇ, ಅದೇ ಥರ ಇನ್ನೊಂದು" ಎಂದರೂ ಅಬ್ಬಾ ತಡವರಿಸುತ್ತಿರಲಿಲ್ಲ.

ಮಗಳು ಮೊದಲ ಸಲ 'ಗಿಟ್' ಎಂಬುದನ್ನು ತೆರೆದು ತೋರಿಸಿದಾಗ ನನ್ನ ಬಾಯಿಂದ ಬಂದ ಮಾತು, "ಇದು ನಾನಾನ ಅಳತೆ ಪುಸ್ತಕವಲ್ಲವೇ!" ಪರದೆಯ ಮೇಲೆ ಸಾಲುಸಾಲಾಗಿ ಯಾರು, ಯಾವಾಗ, ಏನು ಬದಲಿಸಿದರು, ಏಕೆ ಬದಲಿಸಿದರು ಎಂಬುದಿತ್ತು. ಲಿನಕ್ಸ್ ಕಟ್ಟಿದ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ, ತಾವು ಅಲ್ಲಿಯವರೆಗೆ ಉಚಿತವಾಗಿ ಬಳಸುತ್ತಿದ್ದ ಬೇರೊಂದು ಸಾಧನದ ಅನುಮತಿ ರದ್ದಾದಾಗ, ಕೆಲವೇ ದಿನಗಳಲ್ಲಿ ಇದಕ್ಕೆ ರೂಪ ಕೊಟ್ಟರು. ಇಂದು ಲೋಕದ ಬಹುಪಾಲು ಪ್ರೋಗ್ರಾಮರುಗಳ ಕೆಲಸ ಇದರಲ್ಲೇ ದಾಖಲಾಗುತ್ತದೆ.

ಆದರೆ ಸಾಧನ ಇದ್ದ ಮಾತ್ರಕ್ಕೆ ಆಗಲಿಲ್ಲ, ಅಭ್ಯಾಸ ಬೇಕು ಎಂದಳು. ದಿನವಿಡೀ ಕೆಲಸ ಮಾಡಿ ಕೊನೆಗೆ ಒಂದೇ ಗಂಟಾಗಿ ದಾಖಲಿಸಿ "ಬದಲಾವಣೆ" ಎಂದು ಬರೆದರೆ ಆರು ತಿಂಗಳ ನಂತರ ಬರೆದವರಿಗೇ ತಿಳಿಯುವುದಿಲ್ಲ. ಸಣ್ಣ ಸಣ್ಣ ಹೆಜ್ಜೆಯಾಗಿ ದಾಖಲಿಸಬೇಕು. ಏನು ಮಾಡಿದೆ ಎಂಬುದು ಕೋಡ್ ನೋಡಿದರೆ ಗೊತ್ತಾಗುತ್ತದೆ. ಏಕೆ ಮಾಡಿದೆ ಎಂಬುದನ್ನು ಮಾತ್ರ ಬರೆದೇ ಇಡಬೇಕು. ಅಬ್ಬಾ ಮಾಡುತ್ತಿದ್ದುದೂ ಅದನ್ನೇ. ಇಳಿದ ಭುಜ ಅಂಗಿಯಲ್ಲಿ ಕಾಣುತ್ತದೆ. ಕಾರಣ ಪುಸ್ತಕದಲ್ಲಿರುತ್ತದೆ.

ಈ ಪಾಠ ನನಗೆ ನಷ್ಟದಿಂದಲೇ ನಾಟಿತು. 2021ರಲ್ಲಿ ನುಡಿ ತಂತ್ರಾಂಶದಲ್ಲಿ ಒಂದು ಕಥೆ ಬರೆಯುತ್ತಿದ್ದೆ. ಉದ್ದವಾಯಿತೆಂದು ಆರು ಪುಟ ಅಳಿಸಿ ಅದೇ ಹೆಸರಿನಲ್ಲಿ ಉಳಿಸಿದೆ. ಹತ್ತು ದಿನದ ಮೇಲೆ ಓದಿದರೆ ಕಥೆಯ ಜೀವ ಆ ಆರು ಪುಟಗಳಲ್ಲೇ ಇತ್ತು. ಮಗಳು ಇಡೀ ರಾತ್ರಿ ಹುಡುಕಿದಳು, ಸಿಗಲಿಲ್ಲ. ಮತ್ತೆ ಬರೆದೆ. ಅದು ಬೇರೆಯೇ ಕಥೆಯಾಯಿತು. ಆಮೇಲೆ ಅವಳು ನನ್ನ ಹಳೆಯ ಕಡತಗಳನ್ನೆಲ್ಲ ಯುನಿಕೋಡಿಗೆ ತಿರುಗಿಸಿ ಗಿಟ್‌ನಲ್ಲಿ ಇಟ್ಟುಕೊಟ್ಟಳು. ಒಂದು ಪದ ಕೊಟ್ಟರೆ ಇಪ್ಪತ್ತು ವರ್ಷದ ಕಥೆಗಳಲ್ಲಿ ಅದು ಎಲ್ಲೆಲ್ಲಿದೆ ಎಂದು ಈಗ ಕ್ಷಣದಲ್ಲಿ ಸಿಗುತ್ತದೆ. ನನಗೆ ಗೊತ್ತಿರುವುದು ಮೂರೇ ಆದೇಶಗಳು. ಚೀಟಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಪ್ರತಿ ಸಂಜೆ ಒಂದು ಸಾಲು ದಾಖಲಿಸುತ್ತೇನೆ: "ಅತ್ತೆಯ ಮಾತು ತೆಗೆದೆ. ಸುಮ್ಮನಿದ್ದರೇ ಅವಳಿಗೆ ಹೆಚ್ಚು ಹೆದರಿಕೆಯಾಗುತ್ತದೆ."

ಅವಳ ಇನ್ನೊಂದು ಅಭ್ಯಾಸ, ಒಂದೇ ಕೆಲಸವನ್ನು ಮೂರನೆಯ ಸಲ ಕೈಯಿಂದ ಮಾಡದಿರುವುದು. ಎರಡು ಸಲ ಮಾಡಿದ್ದನ್ನು ಮೂರನೆಯ ಸಲಕ್ಕೆ ಯಂತ್ರಕ್ಕೆ ಕಲಿಸಿಬಿಡುತ್ತಾಳೆ. ಇದರ ಹಿಂದೆ ಹಳೆಯದೊಂದು ಸ್ವಾರಸ್ಯವಿದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರ ಸಹೋದ್ಯೋಗಿಯೊಬ್ಬರು ಇಡೀ ಬೆಳಿಗ್ಗೆ ಒಂದು ತಪ್ಪನ್ನು ಹುಡುಕುತ್ತಾ ಕೂತರು. ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಯಂತ್ರದ ಭಾಷೆಗೆ ಮತ್ತೆ ಪರಿವರ್ತಿಸಲು ಮರೆತಿದ್ದರು, ಅಷ್ಟೆ. ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆ ಅಂಥದ್ದೇ ಗತಿಯಾಗಿತ್ತು. ಯಾವುದು ಬದಲಾಗಿದೆಯೋ ಅದನ್ನು ತಾನೇ ಗುರುತಿಸಿ ಪರಿವರ್ತಿಸುವ 'ಮೇಕ್' ಎಂಬ ಸಾಧನವನ್ನು ಅವರು ಕಟ್ಟಿದರು. ಐವತ್ತು ವರ್ಷದ ಹತ್ತಿರವಾದರೂ ಅದು ಬಳಕೆಯಲ್ಲಿದೆ. ಒಬ್ಬರ ಒಂದು ಬೆಳಿಗ್ಗೆ ಹಾಳಾದದ್ದು ಎಷ್ಟು ಜನರ ಬೆಳಿಗ್ಗೆಗಳನ್ನು ಉಳಿಸಿತೋ!

ಹಾಗೆಯೇ 'ಟೆಸ್ಟ್' ಬರೆಯುವುದು. ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸಲು ಇನ್ನೊಂದು ಸಣ್ಣ ಕೋಡ್. ಅಬ್ಬಾ ಶೇರ್ವಾನಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ತೊಡಿಸಿ ನೋಡುತ್ತಿದ್ದರು. ಗಿರಾಕಿಗೆ ಅದು ತಡವೆನಿಸುತ್ತಿತ್ತು. ಪಕ್ಕಾ ಹೊಲಿಗೆ ಬಿಚ್ಚುವ ಸಂಕಟ ಗೊತ್ತಿದ್ದವರು ಅಬ್ಬಾ.

ಒಮ್ಮೆ ಅವಳು ಅಡುಗೆಮನೆಗೆ ಬಂದು, "ಅಮ್ಮಿ, ಸುಮ್ಮನೆ ಕೇಳಿಸಿಕೊಳ್ಳಿ" ಎಂದು ತನ್ನ ತೊಡಕನ್ನು ಮೊದಲಿನಿಂದ ಹೇಳತೊಡಗಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ನಾಲ್ಕು ನಿಮಿಷದಲ್ಲಿ "ಹಾಂ, ಸಿಕ್ಕಿತು" ಎಂದು ಓಡಿದಳು. 1999ರಲ್ಲಿ ಆಂಡ್ರೂ ಹಂಟ್ ಮತ್ತು ಡೇವಿಡ್ ಥಾಮಸ್ ಬರೆದ ಪುಸ್ತಕವೊಂದರಲ್ಲಿ, ರಬ್ಬರ್ ಬಾತುಕೋಳಿಯನ್ನು ಎದುರಿಗಿಟ್ಟುಕೊಂಡು ಕೋಡನ್ನು ಸಾಲುಸಾಲಾಗಿ ಅದಕ್ಕೆ ವಿವರಿಸುವ ಪ್ರೋಗ್ರಾಮರನ ಪ್ರಸಂಗ ಬರುತ್ತದಂತೆ. ನಮ್ಮ ಮನೆಯ ಬಾತುಕೋಳಿ ನಾನು. ಈ ಪದವಿಯ ಬಗ್ಗೆ ನನಗೆ ಬೇಸರವಿಲ್ಲ.

ಇಷ್ಟೆಲ್ಲ ಅಭ್ಯಾಸಗಳಿಂದ ಆಗುವ ಲಾಭವನ್ನು ಅಳೆಯುವುದು ಹೇಗೆ? 1982ರಲ್ಲಿ ಆಪಲ್ ಕಂಪೆನಿಯಲ್ಲಿ ಪ್ರೋಗ್ರಾಮರುಗಳು ವಾರಕ್ಕೆ ಎಷ್ಟು ಸಾಲು ಕೋಡ್ ಬರೆದರೆಂದು ಫಾರಂ ತುಂಬಿಸಿಕೊಳ್ಳತೊಡಗಿದರು. ಬಿಲ್ ಅಟ್ಕಿನ್ಸನ್ ಎಂಬವರು ಆ ವಾರ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗವನ್ನು ಹೊಸದಾಗಿ ಬರೆದು ಅದರ ವೇಗವನ್ನು ಹಲವು ಪಟ್ಟು ಹೆಚ್ಚಿಸಿದ್ದರು. ಹಾಗೆ ಮಾಡುವಾಗ ಸುಮಾರು 2,000 ಸಾಲುಗಳು ಕಡಿಮೆಯಾಗಿದ್ದವು. ಫಾರಮ್ಮಿನಲ್ಲಿ 'ಮೈನಸ್ 2000' ಎಂದು ಬರೆದರು. ಕೆಲವು ವಾರಗಳಲ್ಲಿ ಅವರಿಗೆ ಫಾರಂ ಕೊಡುವುದೇ ನಿಂತಿತು. ಬಟ್ಟೆ ಉಳಿಸಿ ಕತ್ತರಿಸುವ ದರ್ಜಿಯನ್ನು, ಎಷ್ಟು ಗಜ ಕತ್ತರಿಸಿದೆ ಎಂದು ಕೇಳಿದ ಹಾಗಾಯಿತಲ್ಲ!

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಮಾಡಿ ಅವಳು ಉಳಿಸಿದ ಸಮಯ ಎಲ್ಲಿಗೆ ಹೋಯಿತು?

2022ರಿಂದ ವಾರಕ್ಕೆ ಮೂರು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವುದು ಶುರುವಾಯಿತು. 2023ರಲ್ಲಿ ಆಫೀಸಿನವರು ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕೊಟ್ಟರು. ಮಗಳು ಅದನ್ನು ಹಳಿಯುವುದಿಲ್ಲ. ಗೊತ್ತಿಲ್ಲದ ಭಾಷೆಯ ಕೋಡ್ ಓದುವಾಗ, ಟೆಸ್ಟ್‌ಗಳ ಕರಡು ಮಾಡುವಾಗ ಬಹಳ ಉಪಯೋಗವಂತೆ. ಆದರೆ ಬರೆಯುವ ಹೊತ್ತು ಕಡಿಮೆಯಾಗಿ ಓದುವ ಹೊತ್ತು ಹೆಚ್ಚಾಯಿತು. ಯಂತ್ರ ಬರೆದ ನೂರು ಸಾಲಿನಲ್ಲಿ ತಪ್ಪಿರುವ ಎರಡು ಸಾಲು ಯಾವುದು ಎಂದು ಹುಡುಕುವವರು ಮನುಷ್ಯರೇ. ಮೆಟರ್ ಎಂಬ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಅನುಭವಿ ಪ್ರೋಗ್ರಾಮರುಗಳು, ತಮಗೆ ಚೆನ್ನಾಗಿ ಪರಿಚಯವಿದ್ದ ಕೋಡಿನಲ್ಲಿ 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆ ಬಳಸಲು ಅನುಮತಿಯಿದ್ದ ಕೆಲಸಗಳಿಗೆ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿಯಿತು. ವಿಚಿತ್ರವೆಂದರೆ, ತಮ್ಮ ಕೆಲಸ ಸರಾಸರಿ ಶೇಕಡಾ 20ರಷ್ಟು ಬೇಗ ಆಯಿತೆಂದು ಅವರು ಅಂದಾಜಿಸಿದ್ದರು! ಇದು ಎಲ್ಲರಿಗೂ, ಎಲ್ಲ ಕಾಲಕ್ಕೂ ಸಲ್ಲುವ ತೀರ್ಪಲ್ಲ. ಸಾಧನಗಳು ತಿಂಗಳಿಗೊಮ್ಮೆ ಬದಲಾಗುತ್ತಿವೆ. ಆದರೆ ವೇಗವಾಗಿ ಹೋಗುತ್ತಿದ್ದೇನೆ ಎಂಬ ಅನಿಸಿಕೆಯೂ ನಿಜವಾದ ವೇಗವೂ ಬೇರೆ ಬೇರೆ ಎಂಬುದನ್ನು ಅದು ತೋರಿಸಿತು.

ಅವಳ ಆಫೀಸಿನವರು ಆ ಅನಿಸಿಕೆಯನ್ನೇ ಲೆಕ್ಕಕ್ಕೆ ಹಿಡಿದರು. ಹದಿನೈದು ದಿನಕ್ಕೆ ಆರು ಕೆಲಸ ಇದ್ದದ್ದು ಒಂಬತ್ತಾಯಿತು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದುಡಿಮೆಯ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವದ ಸುದ್ದಿ ಬಂತು, ನೌಕರರ ಸಂಘಟನೆ ಅದನ್ನು ವಿರೋಧಿಸಿತು. ಆ ವರ್ಷದ ರಂಜಾನಿನಲ್ಲಿ ನನ್ನ ಮಗಳು ಒಂದು ಕೈಯಲ್ಲಿ ಖರ್ಜೂರ, ಒಂದು ಕಿವಿಯಲ್ಲಿ ಮೀಟಿಂಗ್ ಇಟ್ಟುಕೊಂಡು ಇಫ್ತಾರ್ ಮಾಡುತ್ತಿದ್ದಳು. ಬಲಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ನಾನು ನೋಡುತ್ತಿದ್ದೆ. ಏನೂ ಹೇಳಲಿಲ್ಲ.

ಏಕೆ ಹೇಳಲಿಲ್ಲ? 2022ರಲ್ಲಿ ಸಾಲ ಮಾಡಿ ಮನೆಯ ಮೇಲೆ ಎರಡು ಕೋಣೆ ಎಬ್ಬಿಸಿದ್ದೆವು. ಕಂತು ಹೋಗುತ್ತಿದ್ದುದು ಅವಳ ಸಂಬಳದಿಂದ. ನೆಂಟರ ಮನೆಗಳಲ್ಲಿ ಆ ಸಂಬಳದ ಮಾತನ್ನು ನಾನೇ ತೆಗೆಯುತ್ತಿದ್ದೆ. ಕೊನೆಗೆ ಅವಳೇ ಒಂದು ರಾತ್ರಿ, "ಕೆಲಸಕ್ಕೆ ಒಂದು ಮಿತಿ ಹಾಕಿಕೊಳ್ಳುತ್ತೇನೆ ಅಮ್ಮಿ, ಇನ್ನು ಆಗುವುದಿಲ್ಲ" ಎಂದಾಗ ನಾನು, "ಇನ್ನೆರಡು ವರ್ಷ ಸಹಿಸಿಕೋ ಬೇಟಾ, ಕಂತು ಮುಗಿಯಲಿ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. "ನಾನಾ ಬೋರ್ಡು ಹಾಕಿದಾಗ ನಾನಿ ಏನಂದಿದ್ದರು?"

ಆ ಬೋರ್ಡಿನ ಕಥೆಯನ್ನು ಅವಳು ಚಿಕ್ಕವಳಿದ್ದಾಗ ನಾನೇ ಹೇಳಿದ್ದೆ. ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ರಂಜಾನಿನಲ್ಲಿ ಅಬ್ಬಾ ಬಂದ ಬಟ್ಟೆಯನ್ನೆಲ್ಲ ತೆಗೆದುಕೊಂಡಿದ್ದರು. ಚಾಂದ್ ರಾತ್ ಇಡೀ ಮಶೀನು ನಿಲ್ಲಲಿಲ್ಲ. ಆದರೂ ಒಂದು ಮಗುವಿನ ಅಂಗಿಯ ಬಟ್ಟೆ ಕತ್ತರಿಯನ್ನೂ ಕಾಣದೆ ಗಂಟಿನಲ್ಲೇ ಉಳಿಯಿತು. ಈದ್‌ನ ಬೆಳಿಗ್ಗೆ ಆ ಮಗು ಸ್ನಾನ ಮಾಡಿ, ಸುರ್ಮಾ ಹಚ್ಚಿಕೊಂಡು, ಹಮಾಲಿ ಕೆಲಸದ ತಂದೆಯ ಬೆರಳು ಹಿಡಿದು ಅಂಗಡಿಯ ಮುಂದೆ ನಿಂತಿತ್ತು. ಅಬ್ಬಾ ತಲೆಯೆತ್ತಲಿಲ್ಲ. ನಮಾಜಿನಿಂದ ಬಂದವರೇ ಊಟವನ್ನೂ ಮಾಡದೆ ಹೊಲಿದು, ಕೂಲಿ ಬೇಡವೆಂದು, ತಾವೇ ಹೋಗಿ ಕೊಟ್ಟು ಬಂದರು. ಆದರೆ ಬೆಳಿಗ್ಗೆ ಹೋಗಿಯಾಗಿತ್ತು.

ಮುಂದಿನ ವರ್ಷ ಹದಿನೈದನೆಯ ರೋಜಾದ ದಿನ ರಟ್ಟಿನ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ 'ಆರ್ಡರ್ ಬಂದ್' ಎಂದು ಬರೆದು ನೇತುಹಾಕಿದರು. ಅಮ್ಮಾ ಜಗಳವಾಡಿದರು. ವರ್ಷದ ದುಡಿಮೆಯೆಲ್ಲ ಆ ಹದಿನೈದು ದಿನಗಳಲ್ಲೇ, ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ, ಮಕ್ಕಳಿಗೆ ಏನು ಹಾಕುತ್ತೀರಿ ಎಂದರು. ಕೆಲವರು ಹೋದದ್ದೂ ನಿಜ. "ಕೈ ಎರಡೇ ಇವೆ. ಮೂರನೆಯದಕ್ಕೆ ಮಾತು ಕೊಟ್ಟರೆ ಬರಕತ್ ಎಲ್ಲಿಂದ ಬರಬೇಕು?" ಎಂದಷ್ಟೇ ಹೇಳಿ ಅಬ್ಬಾ ಮಶೀನಿನ ಮುಂದೆ ಕೂತರು. 2012ರಲ್ಲಿ ಅವರು ತೀರಿಕೊಳ್ಳುವವರೆಗೂ ಪ್ರತಿ ರಂಜಾನಿನಲ್ಲಿ ಆ ಬೋರ್ಡು ನೇತಾಡಿತು.

ನಾನಿ ಏನಂದಿದ್ದರು ಎಂಬ ಪ್ರಶ್ನೆಗೆ ಉತ್ತರ, ಈಗ ತಾನೇ ನಾನು ಹೇಳಿದ ಮಾತು.

ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕುವುದು ಅವಳ ವೃತ್ತಿಯಲ್ಲೂ ಗೊತ್ತಿರುವ ಪದ್ಧತಿಯೇ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ, ಮುಂದಿನವರು ಚೀಟಿ ಕಳಿಸಿದ ಹೊರತು ಹಿಂದಿನವರು ಹೊಸ ಭಾಗ ತಯಾರಿಸಬಾರದು ಎಂಬ ಕ್ರಮವಿತ್ತು. 2000ದ ದಶಕದಲ್ಲಿ ಅದು ಸಾಫ್ಟ್‌ವೇರಿಗೂ ಬಂತು. 'ಕಾನ್‌ಬಾನ್' ಎನ್ನುತ್ತಾರೆ. ಆ ಪದಕ್ಕೆ ಜಪಾನಿ ಭಾಷೆಯಲ್ಲಿ ಅಂಗಡಿಯ ಬೋರ್ಡು ಎಂಬ ಅರ್ಥವೂ ಇದೆ ಎಂದು ಅವಳು ಹೇಳಿದಾಗ ನಾವಿಬ್ಬರೂ ನಕ್ಕೆವು.

ಅವಳು ಟೀಮ್ ಲೀಡ್ ಬಳಿ ಮಾತಾಡಿದಳು. ಒಂದು ಸಲಕ್ಕೆ ಕೈಯಲ್ಲಿ ಎರಡೇ ಕೆಲಸ, ಒಂದು ಮುಗಿದ ಮೇಲೆ ಇನ್ನೊಂದು. ಸಂಜೆ ಏಳರ ನಂತರ ತುರ್ತು ಇದ್ದರೆ ಮಾತ್ರ ಫೋನು. ಅವರು ಅರ್ಧ ಒಪ್ಪಿದರು, ಅರ್ಧ ಮುಖ ಗಂಟಿಕ್ಕಿದರು. ಅವಳು ಕೊಟ್ಟ ಕೆಲಸದಲ್ಲಿ ತಪ್ಪು ಬಂದು ವಾಪಸಾಗುವುದು ಕಡಿಮೆಯಾಯಿತು. ಆದರೂ 2025ರ ಮೌಲ್ಯಮಾಪನದಲ್ಲಿ ಅವಳಿಗೆ ಒಂದು ದರ್ಜೆ ಕಡಿಮೆ ಬಂತು, ಸಂಬಳದ ಏರಿಕೆ ಜೊತೆಯವರಿಗಿಂತ ಕಡಿಮೆಯಾಯಿತು. ನಾವು ಬ್ಯಾಂಕಿಗೆ ಹೋಗಿ ಕಂತಿನ ಅವಧಿಯನ್ನು ವಿಸ್ತರಿಸಿಕೊಂಡು ಬಂದೆವು. ಮೇಲಿನ ಕೋಣೆಗಳಿಗೆ ಇನ್ನೂ ಸುಣ್ಣಬಣ್ಣವಾಗಿಲ್ಲ. ಮನೆಗೆ ಬಂದ ನೆಂಟರು ಅದನ್ನು ಕೇಳುತ್ತಾರೆ. ಅವಳ ಮಣಿಕಟ್ಟಿನ ಪಟ್ಟಿ ಬಿಚ್ಚಿದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಗಿಟ್, ಗಡಿಯಾರ, ಟೆಸ್ಟ್, ಯಂತ್ರದ ಸಹಾಯಕ, ಎಲ್ಲವೂ ಒಳ್ಳೆಯ ಸಾಧನಗಳೇ. ಚೂಪಾದ ಕತ್ತರಿ ಯಾರಿಗೆ ಬೇಡ? ಆದರೆ ಕತ್ತರಿ ಚೂಪಾದಷ್ಟೂ ಬಟ್ಟೆಯ ಗಂಟು ದೊಡ್ಡದಾಗುತ್ತಲೇ ಹೋದರೆ ದರ್ಜಿಗೆ ದಕ್ಕಿದ್ದೇನು? ನಿಮ್ಮ ಮನೆಯಲ್ಲೂ ಲ್ಯಾಪ್‌ಟಾಪ್ ಮುಂದೆ ಕೂತ ಮಗನೋ ಮಗಳೋ ಸೊಸೆಯೋ ಇದ್ದರೆ, ಅವರನ್ನು ಕರೆಯುವ ಮೊದಲು ಕುರ್ಚಿಯ ಬೆನ್ನನ್ನೊಮ್ಮೆ ನೋಡಿ. ಸಂಬಳ ಎಷ್ಟೆಂದು ಕೇಳುವ ಮೊದಲು, ಅಂಗಡಿ ಮುಚ್ಚುವ ಹೊತ್ತು ಯಾವುದೆಂದು ಕೇಳಿ.